ಬೀಗರ ಮನೆಯ ಒಂದು ಮುದ್ದೆ

ಕೊಳ್ಳೇಗಾಲ
ಸೋಮವಾರ, 14 ಜುಲೈ 2025

ಪ್ರೀತಿಯ ಮಗಳು ರಂಜನಿಗೆ,

ನಿನ್ನ ಅವ್ವನ ಆಶೀರ್ವಾದ. ಈ ಕಾಗದ ನೀನು ಕೆಲಸ ಮಾಡುವ ಆಸ್ಪತ್ರೆಯ ವಿಳಾಸಕ್ಕೆ ಬಂತಲ್ಲ ಎಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡೋಣವೆಂದರೆ ನಿಮ್ಮ ಮನೆಯಲ್ಲಿ ಅದು ಸದಾ ಸ್ಪೀಕರಿನಲ್ಲೇ ಇರುತ್ತದೆ. ನಾನು ಒಂದು ಮಾತಾಡಿದರೆ ಅಡುಗೆಮನೆಯಿಂದ ನಿಮ್ಮತ್ತೆ ಯಶೋದಮ್ಮನವರು ಎರಡು ಉತ್ತರ ಕೊಡುತ್ತಾರೆ.

ಆಷಾಢದಲ್ಲಿ ಹೆಣ್ಣುಮಕ್ಕಳು ತವರಿಗೆ ಬರುವುದು ರೂಢಿ. ನಮ್ಮಲ್ಲಿ ಗಂಡ ಹೋಗಿ ಬೀಗರ ಮನೆಯಲ್ಲಿ ಕೂತಿದ್ದಾರೆ. ಕಾಲ್ಬೆರಳಿನ ಗಾಯಕ್ಕೆ ನರ್ಸ್ ಮಗಳೇ ದಿನಾ ಪಟ್ಟಿ ಕಟ್ಟುತ್ತಾಳೆ, ಎಂಟು ದಿನ ಇದ್ದು ಬರಲಿ ಎಂದು ನಿಮ್ಮಪ್ಪನನ್ನು ಯಳಂದೂರಿನ ಬಸ್ಸು ಹತ್ತಿಸಿದವಳು ನಾನೇ. ಎಂಟು ದಿನ ಹೋಗಿ ತಿಂಗಳಾಯಿತು. 'ಎಲ್ಲಿ ಶಿವರತ್ನಮ್ಮ, ಯಜಮಾನ್ರು ಕಾಣಾಕಿಲ್ವಲ್ಲ?' ಎಂದು ಬೀದಿಯವರು ಕೇಳುತ್ತಾರೆ. ಕೇಳುವಾಗ ಅವರ ತುಟಿಯಂಚಿನ ನಗೆಯನ್ನು ನಾನು ನೋಡದೇ ಇರುತ್ತೇನೆಯೇ?

ಹೋದ ಗುರುವಾರ ನೋಡಿಕೊಂಡು ಹೋಗಲು ಬಂದಾಗ ನೀನು ಡ್ಯೂಟಿಯಲ್ಲಿದ್ದೆ. ನಾನು ಕಂಡದ್ದನ್ನು ನೀನು ಕಾಣಲಿಲ್ಲ. ನಿಮ್ಮಪ್ಪ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅಣ್ಣೆಸೊಪ್ಪು ಸೋಸುತ್ತಿದ್ದರು. ಎದುರಿಗೆ ನಿಮ್ಮತ್ತೆ. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಅಡುಗೆಮನೆಯ ಹೊಸಿಲು ದಾಟಿ ಒಂದು ಲೋಟ ನೀರು ಬಗ್ಗಿಸಿಕೊಳ್ಳದ ಮನುಷ್ಯ! ಶರ್ಟು ಸಡಿಲವಾಗಿತ್ತು, ಮುಖ ಲಕ್ಷಣವಾಗಿತ್ತು. ಹತ್ತು ವರ್ಷ ಚಿಕ್ಕವರಾದಂತೆ ಕಂಡರು. ನನ್ನನ್ನು ಕಂಡು 'ಬಂದ್ಯಾ, ಕೂತ್ಕೊ' ಅಂದವರು ಮತ್ತೆ ಸೊಪ್ಪಿಗೆ ಕೈ ಹಾಕಿದರು.

ಊಟಕ್ಕೆ ಕೂತೆವು. ಅವರ ತಟ್ಟೆಗೆ ಒಂದು ಮುದ್ದೆ, ಅದೂ ಮಕ್ಕಳಿಗೆ ಕಟ್ಟುವಷ್ಟು. ಉಪ್ಸಾರು, ಒಂದು ಹಿಡಿ ಪಲ್ಯ. ಉಂಡು ಮುಗಿಸಿ ಅನ್ನದ ಪಾತ್ರೆಯ ಕಡೆ ಒಮ್ಮೆ ನೋಡಿದರು. 'ಸಾಕು ಬುಡಿ ಬೀಗ್ರೇ, ಕೈ ತೊಳ್ಕಳಿ' ಅಂದುಬಿಟ್ಟರು ನಿಮ್ಮತ್ತೆ. ರಂಜನಿ, ನಮ್ಮ ಕಡೆ ಬೀಗರಿಗೆ ಯಾರಾದರೂ ಸಾಕು ಅನ್ನುವುದುಂಟೆ? ಬೀಗರು ತಟ್ಟೆಗೆ ಕೈ ಅಡ್ಡ ಹಿಡಿಯಬೇಕು, ನಾವು ಆ ಕೈ ಸರಿಸಿ ಬಡಿಸಬೇಕು, ಅದು ಮರ್ಯಾದೆ. ನಿನ್ನ ಮದುವೆಯ ಬೀಗರೂಟದಲ್ಲಿ ಇದೇ ಯಶೋದಮ್ಮನವರಿಗೆ ನಾನು ಮೂರು ಸಲ ಪಾಯಸ ಬಡಿಸಿದ್ದೆ. ನಿಮ್ಮಪ್ಪನಿಗೆ ಎಂಥ ಅವಮಾನವಾಯಿತೆಂದು ನಾನು ಮುರಿದ ತುತ್ತು ತಟ್ಟೆಗೇ ಬಿಟ್ಟರೆ, ಅವರು ನಕ್ಕು ಎದ್ದು ಕೈ ತೊಳೆದುಕೊಂಡರು. ಸಾಕು ಅನ್ನುವ ಇದೇ ಮಾತು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ನನ್ನ ಬಾಯಲ್ಲಿ ಬಂದರೆ ಗೊಣಗು, ನಿಮ್ಮತ್ತೆಯ ಬಾಯಲ್ಲಿ ಬಂದರೆ ಮಂತ್ರ.

ನಾನು ಒಯ್ದಿದ್ದ ಕಜ್ಜಾಯದ ಡಬ್ಬಿಯನ್ನಂತೂ ನಿಮ್ಮತ್ತೆ ನಿಮ್ಮಪ್ಪನ ಕಣ್ಣಿಗೂ ಬೀಳಿಸದೆ ಪಕ್ಕದ ಮನೆಗೆ ಕೊಟ್ಟು ಬಂದರು. 'ಊಟ ಬಲ್ಲವನಿಗೆ ರೋಗವಿಲ್ಲ ಕಣ್ರೀ ಬೀಗಿತ್ತಿ' ಎಂದು ಗಾದೆ ಬೇರೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಆ ಗಾದೆಗೆ ಇನ್ನರ್ಧ ಇದೆ. ಅದನ್ನು ನಿಮ್ಮತ್ತೆಗೆ ಯಾರೂ ಕಲಿಸಿಲ್ಲ.

ಹೊಟ್ಟೆಕಿಚ್ಚು ಅನ್ನುತ್ತೀಯಾ? ಹೌದು, ಹೊಟ್ಟೆಕಿಚ್ಚೇ. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ನಮ್ಮ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆಂದು ತಿಳಿದು ಪಕ್ಕದಲ್ಲಿದ್ದ ಹೆಂಗಸು ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ನಿಮ್ಮಪ್ಪ ಒಂದೂವರೆ ವರ್ಷ ಪಥ್ಯ ಮಾಡಿ ರಕ್ತದ ಸಕ್ಕರೆ ಇಳಿಸಿಕೊಂಡವರು, ಹನೂರಿನ ಗೃಹಪ್ರವೇಶದಲ್ಲಿ ಲಾಡು ಮುಟ್ಟದೆ ಎದ್ದು ಬಂದವರು, ಯುಗಾದಿಯಿಂದ ಈಚೆಗೆ ಹೇಗೆ ಕೆಟ್ಟರು ಎಂದು ಇಲ್ಲಿನ ಡಾಕ್ಟರೂ ಕೇಳಿದರು. ಕದ್ದು ತಿನ್ನುತ್ತಾರೆ, ನಾನು ಹಿಂದೆ ಹಿಂದೆ ಓಡಾಡಲೇ ಎಂದೆ. ನಿಮ್ಮಪ್ಪ ತಲೆ ತಗ್ಗಿಸಿ, 'ತಪ್ಪಾಯ್ತು ಸಾ, ನಾಲ್ಗೆ ಕಟ್ಕಳಕ್ಕಾಗ್ನಿಲ್ಲ' ಅಂದರು. ಎರಡು ತಿಂಗಳು ಬಾಯಿ ಕಟ್ಟಿದರೆ ಬೆರಳು ಉಳಿಯುತ್ತದೆ, ಇಲ್ಲದಿದ್ದರೆ ತೆಗೆಯಬೇಕಾಗುತ್ತದೆ ಎಂದರು ಡಾಕ್ಟರು. ನೀನೂ ಫೋನಿನಲ್ಲಿ ಅಪ್ಪನನ್ನು ಚೆನ್ನಾಗಿ ಬೈದೆ. ಬೈಸಿಕೊಂಡರು.

ಈಗ ಮತ್ತೆ ಹಿತಮಿತಕ್ಕೆ ಬಂದಿದ್ದಾರಲ್ಲ, ಇನ್ನೇನು? ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ. ಬರುವ ಭಾನುವಾರ ಅಳಿಯಂದಿರ ಜೊತೆ ಮಾಡಿ ಕಳಿಸಿಕೊಡು. ನಿಮ್ಮಪ್ಪ ಒಲ್ಲೆ ಅಂದರೂ ಕಳಿಸು. ಗಾಯ ಆರುವತನಕ ಇರಲಿ ಎಂದು ನಿಮ್ಮತ್ತೆ ಅಡ್ಡ ಬಂದರೆ, ಅವರ ಗಂಡನನ್ನು ಅವರು ನೋಡಿಕೊಳ್ಳಲಿ ಎಂದೆನೆಂದು ಹೇಳು. ಬೇಡ, ಹಾಗೆ ಹೇಳಬೇಡ. ನೀನು ಬಾಳುವ ಮನೆ. ಅವ್ವನಿಗೆ ಒಬ್ಬಳೇ ಇರಲು ಬೇಜಾರಂತೆ ಎಂದಷ್ಟೇ ಹೇಳು.

ಹೊತ್ತು ಹೊತ್ತಿಗೆ ಉಣ್ಣು. ಅಳಿಯ ಬಸವಕುಮಾರ್ ಅವರಿಗೂ ನನ್ನ ಆಶೀರ್ವಾದ.

ನಿನ್ನ ಅವ್ವ,
ಶಿವರತ್ನಮ್ಮ

ತಾ.ಕ.: ಕಾಗದ ಅಂಟಿಸಿ ಅಂಚೆ ಡಬ್ಬದವರೆಗೂ ಹೋಗಿ ವಾಪಸು ಬಂದು ಲಕೋಟೆ ಒಡೆದಿದ್ದೇನೆ. ನಿಮ್ಮಪ್ಪ ಕದ್ದು ತಿಂದಿಲ್ಲ. ಕೈಯಾರೆ ತಿನ್ನಿಸಿದವಳು ನಾನು. ಪಥ್ಯ ಹಿಡಿದ ಮೇಲೆ ಐದು ನಿಮಿಷಕ್ಕೆ ಉಂಡು ಎದ್ದುಬಿಡುತ್ತಿದ್ದರು. ಮದುವೆಯಾದಂದಿನಿಂದ ಅವರು ನನ್ನನ್ನು ಹೊಗಳಿದ್ದೆಲ್ಲ 'ಇನ್ನೊಂದ್ ಆಕಮ್ಮಿ' ಎಂದು ಮತ್ತೆ ಬಡಿಸಲು ಕೇಳುವ ಒಂದೇ ಮಾತಿನಲ್ಲಿ. ಅದೂ ನಿಂತುಹೋಯಿತು. ಯುಗಾದಿಯ ದಿನ ಬೇಡ ಬೇಡ ಅಂದರೂ ಕೈ ಸರಿಸಿ ಒಬ್ಬಟ್ಟು ಹಾಕಿ ತುಪ್ಪ ಸುರಿದೆ. ನನ್ನ ಮುಖ ನೋಡಿ ತಿಂದರು. ಆಮೇಲೆ ಆ ಮಾತು ಅಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಮಾರನೆಯ ದಿನವೂ ಮಾಡಿದೆ. ಅಲ್ಲಿಂದ ದಿನಾ ಒಂದಲ್ಲ ಒಂದು. ಬೆರಳು ಕಪ್ಪಾದದ್ದು ಕಂಡ ದಿನವೂ ಒಲೆಯ ಮೇಲೆ ಪಾಯಸವಿತ್ತು. ಡಾಕ್ಟರ ಮುಂದೆ, ನಿನ್ನ ಮುಂದೆ, ನನ್ನ ಮಾನ ಉಳಿಸಲು ಅವರು ತಪ್ಪು ಹೊತ್ತುಕೊಂಡರು. ಗುರುವಾರದ ಕಜ್ಜಾಯವೂ ಅವರಿಗೆಂದೇ ಮಾಡಿದ್ದು.

ಭಾನುವಾರ ಕಳಿಸಬೇಡ. ಗಾಯ ಪೂರ್ತಿ ಆರಲಿ. ನಾನೇ ಬಂದು ಕರೆದರೂ ಕಳಿಸಬೇಡ. ಆ ಮುದ್ದೆಗೆ ನಿಮ್ಮತ್ತೆ ಎಷ್ಟು ಹಿಟ್ಟು ಹಾಕುತ್ತಾರೆ, ಕೇಳಿ ಬರೆದು ಕಳಿಸು. ನಾನು ಕೇಳಿದೆ ಅಂತ ಮಾತ್ರ ಹೇಳಬೇಡ.