ಎಲ್ಲರಿಗಿಂತ ಮುಂದೆ ನಿಮ್ಮ ಮಗ

ಪ್ರೀತಿಯ ಅತ್ತೆ,

ಏರ್‌ಪೋರ್ಟಿನಲ್ಲಿ ನೀವು, "ಮಂಡಿ ಆಪರೇಷನ್ ಆಗಿದೆ, ಅವನನ್ನ ನಡೆಸ್ಬೇಡಮ್ಮ, ಕಾರಲ್ಲೇ ಎಲ್ಲಾ ತೋರ್ಸು" ಎಂದಿದ್ದಿರಿ. ಕ್ಷಮಿಸಿ. ನಮ್ಮೂರು ಟ್ರಾಯ್‌ನಲ್ಲಿ ಹಾಲು ತರಲೂ ಕಾರು ತೆಗೆಯುವ ನೀಲ್ ಇವತ್ತು ಸ್ಕಾಟ್ಲೆಂಡಿನಲ್ಲಿ ಸರೋವರದ ದಂಡೆಯುದ್ದಕ್ಕೂ ಒಂದು ವಾಕಿಂಗ್ ಗ್ರೂಪಿನ ಜೊತೆ ಮೂರು ಮೈಲಿ ನಡೆದರು.

ಹೊಸಬರಿಗೆಂದೇ ಇರುವ ಸಮತಟ್ಟಾದ ದಾರಿ. ದಾರಿ ತೋರಿಸಲು ಬಂದ ಮೊಯ್ರಾ ಆಂಟಿ ನೀಲ್ ಅವರನ್ನೇ ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ನೀರಿನಲ್ಲಿ ಬೆಟ್ಟಗಳು ತಲೆಕೆಳಗಾಗಿ ನಿಂತಿದ್ದವು, ದಂಡೆಯ ಮೇಲೆ ಅಷ್ಟೂ ಜನ ನಿಮ್ಮ ಮಗನ ಹಿಂದೆ. ಹೆಮ್ಮೆಯಿಂದ ನನಗೆ ಕಣ್ಣು ತುಂಬಿ ಬಂತು.

ಆಮೇಲೆ ಆಂಟಿ ನನ್ನ ಕಿವಿಯಲ್ಲಿ ಹೇಳಿದರು: ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನೇ ಮುಂದೆ ಬಿಡುವುದು ಅವರ ಪದ್ಧತಿಯಂತೆ, ಆಗ ಯಾರೂ ಹಿಂದೆ ಉಳಿಯುವುದಿಲ್ಲ. ಆದರೂ ಅತ್ತೆ, ನಿಮ್ಮ ಮಗ ಕೊನೆಯವರೆಗೂ ಒಮ್ಮೆಯೂ ಕೂರಲಿಲ್ಲ. ಮಂಡಿ ಊದಿಲ್ಲ, ಐಸ್ ಇಟ್ಟಿದ್ದೇನೆ.

ಅವರಿಗೆ ಈ ಪದ್ಧತಿಯ ವಿಷಯ ಹೇಳಿಲ್ಲ. ನೀಲ್ ಅವರಿಗೆ ಕನ್ನಡ ಓದಲು ಬಾರದೆಂಬ ಧೈರ್ಯದಿಂದ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. "ಇಡೀ ಗ್ರೂಪ್ ನಾನೇ ಲೀಡ್ ಮಾಡ್ದೆ ಅಂತ ಅಮ್ಮಂಗೆ ಬರ್ದ್ಯಾ?" ಎಂದು ಕಾರ್ಡಿನೊಳಗೆ ಇಣುಕುತ್ತಿದ್ದಾರೆ.

ಬರೆದೆ ಎಂದಿದ್ದೇನೆ.

ನಿಮ್ಮ ಸೊಸೆ,
ಮಾಳವಿಕಾ