ಬೂಟು ಹೊಲಿಯುತ್ತಿದ್ದವಳ ಮಾತು

ಗುರುವಾರ, ಮಧ್ಯಾಹ್ನ

ಅಕ್ಕಾ,

ಕ್ಷೇಮ ಸಮಾಚಾರ ಕೇಳುವಷ್ಟು ತಾಳ್ಮೆ ಇವತ್ತು ನನಗಿಲ್ಲ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲವಲ್ಲ.

ನನ್ನ ಪ್ರಬಂಧದ ವಿಷಯ ನಿನಗೆ ಗೊತ್ತು. ಪಕ್ಕದ ದೇಶದೊಂದಿಗೆ ಮುಕ್ತ ವ್ಯಾಪಾರ ಒಪ್ಪಂದವಾಗಿ, ಅಲ್ಲಿಂದ ಬರುವ ಬೂಟುಗಳ ಮೇಲಿದ್ದ ಸುಂಕ ಹೋಯಿತು. ಅದರಿಂದಲೇ ನಮ್ಮೂರಿನ ಬೂಟಿನ ಕಾರ್ಖಾನೆಗಳು ಮುಚ್ಚಿದವು ಎಂದು ಒಂದು ಕಡೆಯವರು, ಊರಿಗೆ ಒಳ್ಳೆಯದೇ ಆಯಿತು ಎಂದು ಇನ್ನೊಂದು ಕಡೆಯವರು ಇಂದಿಗೂ ಕಿತ್ತಾಡುತ್ತಿದ್ದಾರೆ. ಸರಕಾರ ಒಂದು ವಿಚಾರಣಾ ಸಮಿತಿಯನ್ನೂ ಕೂರಿಸಿದೆ. ಈ ಜಗಳದಲ್ಲಿ ಯಾರು ಬರೆದದ್ದನ್ನು ಎಷ್ಟು ನಂಬಬಹುದು ಎನ್ನುವುದೇ ನನ್ನ ಪ್ರಬಂಧ. ನಾವೆಲ್ಲ ಬೆನ್ನ ಹಿಂದೆ ‘ಕತ್ತರಿ ಮೇಡಂ’ ಎಂದು ಕರೆಯುವ ನನ್ನ ಗೈಡ್ ಮೊದಲ ದಿನವೇ ಹೇಳಿದ್ದರು: “ಪಕ್ಷಪಾತ ಇಲ್ಲದ ಆಧಾರ ಹುಡುಕ್ತಾ ಕೂತ್ಕೋಬೇಡ, ಸಿಗಲ್ಲ. ಯಾರ ಪಕ್ಷ, ಯಾಕೆ ಅಂತ ಹುಡುಕು.”

ಹುಡುಕಿದೆ. ಒಪ್ಪಂದದಿಂದ ಕಾರ್ಮಿಕರ ಬದುಕು ಹಸನಾಯಿತು ಎನ್ನುವ ವರದಿಗಳು ದಂಡಿಯಾಗಿ ಸಿಕ್ಕವು. ಒಂದು ಇನ್ನೊಂದರ ಕಡೆ ಬೆರಳು ತೋರಿಸುತ್ತಿತ್ತು. ಅಡಿಟಿಪ್ಪಣಿಗಳ ಜಾಡು ಹಿಡಿದು ಹಿಂದೆ ಹಿಂದೆ ಹೋದರೆ, ಎಲ್ಲ ಕೊಡಗಳ ನೀರೂ ಒಂದೇ ಬಾವಿಯದು. ಒಂದು ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ, ‘ಬೂಟು ಹೊಲಿಯುತ್ತಿದ್ದವಳ ಮಾತು’. ಬರೆದವರ ಹೆಸರಿಲ್ಲ. ಮುಖವೂ ಇಲ್ಲ, ಮಡಿಲಲ್ಲಿಟ್ಟ ಎರಡು ಕೈಗಳ ಫೋಟೋ ಮಾತ್ರ.

ಎಡಗೈಯ ತೋರುಬೆರಳು ಸೊಟ್ಟ. ಮಷೀನಿನ ಸೂಜಿ ಹೊಕ್ಕು ಸೊಟ್ಟಗಾದ ಅಮ್ಮನ ಆ ಬೆರಳನ್ನು ಹಿಡಿದುಕೊಂಡೇ ನಾವಿಬ್ಬರೂ ಶಾಲೆಗೆ ಹೋದವರು ಅಕ್ಕಾ. ನನಗೆ ಗುರುತು ಸಿಗುವುದಿಲ್ಲ ಎಂದುಕೊಂಡೆಯಾ?

ಫೋಟೋ ಹೋಗಲಿ. ಒಳಗೆ ಏನು ಬರೆದಿದ್ದೀಯ? ಕಾರ್ಖಾನೆ ಮುಚ್ಚಿದ ಮೇಲೆ ಆ ಹೆಂಗಸು ತರಬೇತಿ ಕೇಂದ್ರಕ್ಕೆ ಹೋದಳಂತೆ, ಹೊಸ ಕೆಲಸ ಕಲಿತಳಂತೆ, ಈಗ ಮೊದಲಿಗಿಂತ ನೆಮ್ಮದಿಯಾಗಿದ್ದಾಳಂತೆ. ಕೊನೆಗೆ ಆಕೆಯ ಬಾಯಲ್ಲಿ, “ಬಾಗಿಲು ತೆಗೆದ್ರೆ ಗಾಳಿನೂ ಬರುತ್ತೆ, ಧೂಳೂ ಬರುತ್ತೆ. ಗುಡಿಸೋಕೆ ಹೆದರ್ಕೊಂಡು ಬಾಗಿಲು ಹಾಕ್ಕೊಂಡಿರೋಕಾಗುತ್ತಾ?” ಇದು ಅಮ್ಮನ ಮಾತು. ನಿನ್ನನ್ನು ಓದಲು ದೂರ ಕಳಿಸಬೇಕೋ ಬೇಡವೋ ಎಂದು ಅಪ್ಪ ಹಿಂದೆಮುಂದೆ ನೋಡಿದಾಗ ಆಡಿದ ಮಾತು. ಆ ಮಾತಿನಿಂದಲೇ ನೀನು ಹೊಸಿಲು ದಾಟಿದೆ. ಅದನ್ನೇ ತೆಗೆದುಕೊಂಡು ಹೋಗಿ ಬೂಟು ಆಮದು ಮಾಡುವವರಿಗೆ ಮಾರಿದೆ.

ಪುರವಣಿಯ ಸಂಪಾದಕರನ್ನು ಕೇಳಿದೆ. ಆಮದುದಾರರ ಪರವಾಗಿ ನೀನು ಕೆಲಸ ಮಾಡುವ ಪ್ರಚಾರ ಸಂಸ್ಥೆಯಿಂದ ಬಂದದ್ದು ಎಂದರು. ಆಗ ನಿನಗೆ ಫೋನ್ ಮಾಡಿದರೆ ನೀನು ನಕ್ಕೆ. “ಅದು ಒಬ್ಬಳ ಕಥೆ ಅಲ್ಲ ಕಣೇ, ಎಲ್ಲಾರದ್ದೂ ಸೇರಿಸಿದ್ದು. ಅಮ್ಮನ ಹೆಸರೆಲ್ಲಿ ಹಾಕಿದೀನಿ? ಸುಮ್ನೆ ಓದ್ಕೋ” ಎಂದೆ. ಎಲ್ಲರದ್ದು ಎಂದರೆ ಯಾರದ್ದು? ಕೆಲಸ ಸಿಕ್ಕಿದ ಒಬ್ಬಳನ್ನು ತೋರಿಸು.

ಅಮ್ಮನಿಗೆ ಲೇಖನ ಓದಿ ಹೇಳಿದೆ. ಒಗೆದ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಇನ್ನೊಂದು ಸಲ ಓದಿಸಿಕೊಂಡಳು. ಆಮೇಲೆ, “ಅವಳು ಬಂದಿದ್ದಾಗ ಕೈ ಚೆನ್ನಾಗಿದೆ ಅಂತ ಫೋಟೋ ತೆಗೆದ್ಲು. ಇದಕ್ಕಾ?” ಎಂದಳು. ಇನ್ನೊಂದು ಸೀರೆ ಮಡಿಸಿಟ್ಟು, “ಅದ್ರಲ್ಲಿರೋ ನಾನು ನನಗಿಂತ ಸುಖವಾಗಿದಾಳೆ” ಎಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಆ ಲೇಖನವನ್ನೇ ಆಮದುದಾರರು ಸಮಿತಿಯ ಮುಂದೆ ಸಾಕ್ಷಿಯಾಗಿ ಇಟ್ಟಿದ್ದರು. ಅದು ಕಟ್ಟುಕಥೆ ಎಂದು ನಾನು ಆಕ್ಷೇಪಣೆ ಸಲ್ಲಿಸಿದೆ. ಸುದ್ದಿ ತಿಳಿದದ್ದೇ ತಡ, ಅಮ್ಮನ ಕಾರ್ಖಾನೆಯ ಹಳೆಯ ಯಜಮಾನರು ಮನೆಗೇ ಬಂದರು. ಒಪ್ಪಂದದಿಂದಲೇ ನಮ್ಮ ಕಾರ್ಖಾನೆ ಸತ್ತಿತು ಎಂಬ ಹೇಳಿಕೆಯನ್ನು ಟೈಪ್ ಮಾಡಿಸಿಯೇ ತಂದಿದ್ದರು, ಅಮ್ಮ ಸಹಿ ಹಾಕಿದರೆ ಸಾಕಿತ್ತು. ಅಮ್ಮ ಕೇಳಿಸಿಕೊಂಡು, “ಒಪ್ಪಂದ ಆಗೋಕೆ ಮುಂಚೆನೇ ಮಷೀನು ಲಾರಿ ಹತ್ತಿದ್ವಲ್ಲ ಯಜಮಾನ್ರೇ. ನಾವೇ ಗೋಣಿ ಸುತ್ತಿ ಕೊಟ್ವಿ” ಎಂದಳು. ಆ ಜಾಗದಲ್ಲಿ ಈಗ ಅವರದೇ ಅಪಾರ್ಟ್‌ಮೆಂಟ್ ಏಳುತ್ತಿದೆ. ಕೊಟ್ಟ ನೀರನ್ನೂ ಕುಡಿಯದೆ ಎದ್ದು ಹೋದರು. ಹಿಂದಿನ ಬೀದಿಯ ಚಿಕ್ಕ ಕಾರ್ಖಾನೆಗಳು ಆಮದಿನ ಹೊಡೆತಕ್ಕೇ ಮುಚ್ಚಿದ್ದು ನಿಜ. ಆದರೆ ಅವರ ಪರವಾಗಿ ಟೈಪ್ ಮಾಡಿಸುವವರು ಯಾರೂ ಇಲ್ಲ. ನನಗೆ ಸಿಟ್ಟು ನಿನ್ನೊಬ್ಬಳ ಮೇಲಲ್ಲ. ಆದರೆ ಯಜಮಾನರು ನನ್ನ ಅಕ್ಕ ಅಲ್ಲ.

ಮೊನ್ನೆ ಪುರಸಭೆಯ ಸಭಾಂಗಣದಲ್ಲಿ ಬಹಿರಂಗ ವಿಚಾರಣೆ ಇತ್ತು. ಅಮ್ಮನೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅಧ್ಯಕ್ಷರು ಲೇಖನ ಎತ್ತಿ ಹಿಡಿದು, ಈ ಹೆಂಗಸು ಯಾರು, ಇದನ್ನು ಬರೆದವರು ಯಾರು ಎಂದು ನನ್ನನ್ನು ಕೇಳಿದರು. ನಿನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಮ್ಮ ಎದ್ದು ನಿಂತಳು.

“ಆ ಕೈ ನಂದು ಸ್ವಾಮಿ. ಹೇಳಿ ಬರೆಸಿದ್ದೂ ನಾನೇ. ಅದ್ರಲ್ಲಿರೋದು ಸುಳ್ಳು. ನಾನು ಯಾವ ಕೆಲಸನೂ ಕಲಿತಿಲ್ಲ, ನಂಗೆ ಯಾವ ಕೆಲಸನೂ ಸಿಕ್ಕಿಲ್ಲ.”

ಯಾಕೆ ಹಾಗೆ ಹೇಳಿದಿರಿ ಎಂದು ಅಧ್ಯಕ್ಷರು ಕೇಳಿದ್ದಕ್ಕೆ, “ಬುದ್ಧಿ ಇರ್ಲಿಲ್ಲ” ಎಂದು ಕೂತುಬಿಟ್ಟಳು. ಲೇಖನವನ್ನು ಸಾಕ್ಷಿಗಳ ಸಾಲಿನಿಂದ ತೆಗೆದುಹಾಕಿದರು. ನಾನು ಗೆದ್ದೆ, ನೋಡು.

ಹೊರಗೆ ಮೆಟ್ಟಿಲ ಮೇಲೆ ಅಮ್ಮನ ಜೊತೆ ಹೊಲಿಯುತ್ತಿದ್ದವರೆಲ್ಲ ನಿಂತಿದ್ದರು. ಪಕ್ಕದ ಮಷೀನಿನಲ್ಲಿ ಕೂರುತ್ತಿದ್ದ, ನಾವು ದೊಡ್ಡಮ್ಮ ಎನ್ನುತ್ತಿದ್ದೆವಲ್ಲ, ಅವರು ಮುಂದೆ ಬಂದು, “ನಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ನೀನೇ ಬೇಕಿತ್ತೇನೇ?” ಎಂದು ಕೇಳಿದರು. ಅಮ್ಮ ತಲೆ ತಗ್ಗಿಸಿಕೊಂಡು ಇಳಿದಳು. ಅಂದಿನಿಂದ ದೊಡ್ಡಮ್ಮ ನಮ್ಮ ಮನೆ ಕಡೆ ತಲೆ ಹಾಕಿಲ್ಲ. ನಿನ್ನೆ ಅಂಗಡಿಯಲ್ಲಿ ಅಮ್ಮನನ್ನು ಕಂಡು ಇನ್ನೊಬ್ಬರು ಸಾಮಾನು ಅಲ್ಲೇ ಬಿಟ್ಟು ಹೊರಟುಹೋದರು.

ಮನೆಗೆ ಬಂದು ನಾನು ಕೂಗಾಡಿದೆ. ಯಾಕೆ ಸುಳ್ಳು ಹೇಳಿದೆ ಎಂದೆ. “ಅದು ಅವಳು ಅನ್ನ ತಿನ್ನೋ ತಟ್ಟೆ. ನಿನ್ನ ಪುಸ್ತಕಕ್ಕೋಸ್ಕರ ಒಡೀಲಾ?” ಎಂದು ಕೇಳಿದಳು. ಹೀಗೆ ಕೇಳುವಂಥ ಸ್ಥಿತಿಗೆ ನೀನು ಅವಳನ್ನು ತಂದೆಯಲ್ಲ, ಅದನ್ನು ಕ್ಷಮಿಸಲು ನನ್ನಿಂದಾಗುತ್ತಿಲ್ಲ.

ಈಗ ಸರಕಾರಿ ದಾಖಲೆಯಲ್ಲಿ ಅಮ್ಮನ ಸುಳ್ಳು ಕೂತಿದೆ. ನಾಳೆ ಯಾರೋ ವಿದ್ಯಾರ್ಥಿ ಅದನ್ನು ಅಧಿಕೃತ ಆಧಾರ ಎಂದು ಬರೆದುಕೊಳ್ಳುತ್ತಾನೆ.

ನನ್ನ ಅಧ್ಯಾಯವನ್ನು ಸೋಮವಾರ ಮೇಡಂಗೆ ಕೊಡಬೇಕು. ಅಷ್ಟರೊಳಗೆ ಬಾ. ಬರೆದವಳು ನಾನು ಎಂದು ಸಮಿತಿಗೆ ನೀನೇ ಬರೆದುಕೊಡು. ದೊಡ್ಡಮ್ಮನ ಮನೆಗೂ ನೀನೇ ಹೋಗಿ ಹೇಳು. ಬರದಿದ್ದರೆ ನಾನೇ ಬರೆಯುತ್ತೇನೆ: ಈ ಲೇಖನ ಬರೆದವಳು ಸಂಶೋಧಕಿಯ ಅಕ್ಕ, ಹೊಣೆ ಹೊತ್ತುಕೊಂಡವಳು ಸಂಶೋಧಕಿಯ ತಾಯಿ, ಆದ್ದರಿಂದ ಈ ಪುಟಗಳಲ್ಲಿ ಸಿಟ್ಟಿದೆ, ಓದುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಮೇಲೆ ನಿನ್ನ ತಟ್ಟೆ ಏನಾಗುತ್ತದೋ ನನಗೆ ಗೊತ್ತಿಲ್ಲ.

ಸದ್ಯಕ್ಕೆ ಇನ್ನೂ
ನಿನ್ನ ತಂಗಿ

ಮರೆತ ಮಾತು: ಸೋಮವಾರ ಎಂದದ್ದು ಸುಳ್ಳು. ಅಧ್ಯಾಯವನ್ನು ಇವತ್ತು ಬೆಳಿಗ್ಗೆಯೇ ಕೊಟ್ಟು ಬಂದೆ, ನಿನ್ನ ಹೆಸರಿನ ಸಮೇತ. ಮೇಡಂ ಓದಿ, “ನಿಮ್ಮಕ್ಕನಿಗೆ ಹೇಳಿದೀಯಾ?” ಎಂದು ಕೇಳಿದರು. ಹೂಂ ಎಂದೆ. ಹೆದರಿಕೆಯಿಂದಲ್ಲದೆ ನೀನಾಗಿಯೇ ಬರುತ್ತೀಯೇನೋ ಎಂದು ನೋಡುವ ಆಸೆಯಿತ್ತು. ಆದರೆ ಹೆದರಿಸದೆ ಕರೆಯುವುದು ಹೇಗೆಂದು ತಿಳಿಯಲಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ಸುಳ್ಳು ಹೇಳದವರು ಈಗ ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ. ಬಾ ಅಕ್ಕಾ.