ಮೇಷ್ಟ್ರ ವರ್ಕ್‌ಸ್ಪೇಸ್

ಮಾರ್ಚ್ ೩, ಸೋಮವಾರ

ಕೋಡ್ ಬರೆಯುವ ಎಡಿಟರ್ ತೆರೆದರೆ ಮತ್ತೆ ಕೆಂಪು. ಎಡಗಡೆಯ ಪ್ರಾಜೆಕ್ಟ್‌ಗಳ ಹೆಸರಿನ ಮೇಲೆಲ್ಲ ತಪ್ಪಿದೆ ಎನ್ನುವ ಪುಟ್ಟ ಪುಟ್ಟ ಕೆಂಪು ಗುರುತು, ಮೈಮೇಲೆ ಗಂಧೆ ಎದ್ದ ಹಾಗೆ. ರಿಫ್ರೆಶ್. ಕ್ಲೀನ್. ಬಿಲ್ಡ್. ಹೋಗಲಿಲ್ಲ. ಕಾಫಿ ಕುಡಿದು ಬಂದೆ. ಹೋಗಿತ್ತು. ಏಕೆ ಬಂತು, ಏಕೆ ಹೋಯಿತು ಎಂದು ಕೇಳಬಾರದು. ಜಾವಾ ಬರೆಯುವವರ ಅರ್ಧ ಆಯುಷ್ಯ ಹೀಗೇ ಕಳೆಯುತ್ತದೆ.

ಕೇಳಬಾರದು ಎಂದು ಕಲಿಸಿದವರು ಪಕ್ಕದ ಸೀಟಿನ ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ನನ್ನ ಹಾಗೇ ಪ್ರೋಗ್ರಾಮರ್. ಈ ಆಫೀಸಿಗೆ ಬಂದ ಎಲ್ಲರಿಗೂ ಮೊದಲ ಪ್ರಾಜೆಕ್ಟ್ ತೆರೆದು ಕೊಟ್ಟವರು ಅವರು, ಅದಕ್ಕೆ ಆ ಹೆಸರು ಅಂಟಿಕೊಂಡಿತು. ಕಳೆದ ತಿಂಗಳು ಕೂತಲ್ಲೇ ಕುಸಿದರು. ಪಾರ್ಶ್ವವಾಯು. ಬಲಗಡೆ ಪೂರ್ತಿ ಬಿದ್ದುಹೋಗಿದೆ. ಮಾತಿಲ್ಲ. ಅಂದಿನ ಗಲಾಟೆಯಲ್ಲಿ ಯಾರದೋ ಕಾಲು ತಾಗಿ ಅವರ ಕಂಪ್ಯೂಟರಿನ ಪ್ಲಗ್ ಕಿತ್ತು ಬಂತು. ಇನ್ನೂ ಹಾಗೇ ಇದೆ. ಕುರ್ಚಿಯ ಮೇಲೆ ಸ್ವೆಟರ್ ಕೂಡ ಹಾಗೇ.

ಆ ಕಡೆ ನೋಡಬಾರದು ಎಂದುಕೊಳ್ಳುತ್ತೇನೆ. ನೋಡದಿರಲು ಆಗುವುದಿಲ್ಲ, ಪಕ್ಕದಲ್ಲೇ.

ಇದನ್ನೂ ಎಡಿಟರಿನಲ್ಲೇ ಬರೆಯುತ್ತಿದ್ದೇನೆ, ಯಾರೂ ತೆರೆಯದ ಹಳೇ ಪ್ರಾಜೆಕ್ಟಿನೊಳಗೆ ಒಂದು ಟೆಕ್ಸ್ಟ್ ಫೈಲು. ಕೆಲಸ ಮಾಡುತ್ತಿರುವ ಹಾಗೆ ಕಾಣುತ್ತದೆ.

ಮಾರ್ಚ್ ೫

ಮ್ಯಾನೇಜರ್ ಕ್ಯಾಬಿನ್ನಿಗೆ ಕರೆದರು. ಮೇಷ್ಟ್ರಿಗಿಂತ ಚಿಕ್ಕವರು, ಒಂದು ಕಾಲದಲ್ಲಿ ಅವರ ಹತ್ತಿರವೇ ಕಲಿತವರು. ಈಗ ಮುಖ ಬಿಗಿ.

“ಮೇಡಂ, ಬೀಳೋಕೆ ಮುಂಚಿನ ನಾಲ್ಕು ತಿಂಗಳಲ್ಲಿ ಅವರದು ಒಂದೂ ಕಮಿಟ್ ಇಲ್ಲ. ಸರ್ವರಿಗೆ ಒಂದು ಸಾಲೂ ಬಂದಿಲ್ಲ. ಏನ್ ಮಾಡ್ತಾ ಇದ್ರು ಅಂತ ಮೇಲಿನವರು ಕೇಳ್ತಿದ್ದಾರೆ.”

“ಆ ಅದಲುಬದಲು ಬಗ್ ಹಿಡೀತಾ ಇದ್ರು ಸಾರ್. ನಾನೇ ನೋಡಿದೀನಿ.”

“ಹಾಗಾದ್ರೆ ತೋರಿಸಿ. ತಿಂಗಳ ಕೊನೇಲಿ ತೀರ್ಮಾನ ಆಗುತ್ತೆ. ಕೆಲಸಾನೇ ಮಾಡಿಲ್ಲ ಅಂತಾದ್ರೆ ಹಿಂದಿನ ತಾರೀಕಿಂದಾನೇ ತೆಗೀತಾರೆ. ಇನ್ಶೂರೆನ್ಸೂ ನಿಲ್ಲುತ್ತೆ. ನನ್ನ ಕೈಲಿ ಏನೂ ಇಲ್ಲ.”

ಕೈಲಿ ಏನೂ ಇಲ್ಲದವರಿಗೆ ಅಷ್ಟು ದೊಡ್ಡ ಕ್ಯಾಬಿನ್ ಯಾಕೆ? ಇನ್ಶೂರೆನ್ಸ್ ನಿಂತರೆ ಆಸ್ಪತ್ರೆಯ ಹಾಸಿಗೆಯೂ ಹೋಗುತ್ತದೆ ಎಂಬುದು ಅವರಿಗೂ ಗೊತ್ತು.

ಬರೆದದ್ದನ್ನು ದಿನದಿನವೂ ಸರ್ವರ್‌ಗೆ ಒಪ್ಪಿಸುವ ಅಭ್ಯಾಸ ಮೇಷ್ಟ್ರಿಗೆ ಇಲ್ಲವೇ ಇಲ್ಲ. “ಪೂರ್ತಿ ಆಗದೇ ಇರೋದನ್ನ ನಾನು ಯಾರಿಗೂ ತೋರ್ಸಲ್ಲ ಕಣಮ್ಮ” ಎನ್ನುತ್ತಿದ್ದರು. ಎಲ್ಲ ಅವರ ಮಷೀನಿನ ವರ್ಕ್‌ಸ್ಪೇಸಿನಲ್ಲೇ, ಪ್ರಾಜೆಕ್ಟ್‌ಗಳೆಲ್ಲ ಇರುವ ಫೋಲ್ಡರಿನಲ್ಲಿ. ನಮ್ಮದು ರಕ್ತಪರೀಕ್ಷೆಯ ಲ್ಯಾಬ್‌ಗಳಿಗೆ ಕೊಡುವ ಪ್ರೋಗ್ರಾಂ. ಎರಡು ಕೌಂಟರಿನಲ್ಲಿ ಒಂದೇ ಗಳಿಗೆಯಲ್ಲಿ ಬಟನ್ ಒತ್ತಿದರೆ, ಎಂದೋ ಒಮ್ಮೆ, ಇಬ್ಬರು ರೋಗಿಗಳಿಗೆ ಒಂದೇ ನಂಬರ್ ಬೀಳುತ್ತದೆ. ಒಬ್ಬರ ವರದಿ ಇನ್ನೊಬ್ಬರಿಗೆ. ವರ್ಷಗಳಿಂದ ಯಾರ ಕೈಗೂ ಸಿಗದ ಬಗ್. ಜನವರಿಯಲ್ಲಿ ಒಂದು ಮಧ್ಯಾಹ್ನ ಮೇಷ್ಟ್ರು ನನ್ನ ಕುರ್ಚಿಯನ್ನೇ ಎಳೆದುಕೊಂಡು ಹೋಗಿ ಪರದೆ ತೋರಿಸಿದ್ದರು. “ನೋಡು, ಸಿಕ್ಕಿಬಿದ್ದ ಕಳ್ಳ.” ಅವರು ಅಷ್ಟು ನಕ್ಕಿದ್ದನ್ನು ಅದಕ್ಕೆ ಮೊದಲು ನೋಡಿರಲಿಲ್ಲ.

ಅವರ ಮಷೀನ್ ತೆರೆಯಬೇಕು, ಅಷ್ಟೆ.

ಮಾರ್ಚ್ ೬

ಪ್ಲಗ್ ಹಾಕಿದೆ. ಧೂಳಿನ ವಾಸನೆ. ಎಡಿಟರ್ ತೆರೆದರೆ — ಈ ವರ್ಕ್‌ಸ್ಪೇಸ್ ಬಳಕೆಯಲ್ಲಿದೆ, ತೆರೆಯಲಾಗದು. ಬಳಸುವವರು ಆಸ್ಪತ್ರೆಯಲ್ಲಿ. ಕರೆಂಟ್ ಹೋದಾಗ ಲಾಕ್ ಫೈಲ್ ಹಾಗೇ ಉಳಿದಿದೆ. ಕಂಪ್ಯೂಟರಿನ ಲೆಕ್ಕದಲ್ಲಿ ಮೇಷ್ಟ್ರು ಇನ್ನೂ ಒಳಗೇ ಕೂತಿದ್ದಾರೆ. ಅಳಿಸಲು ಮನಸ್ಸಾಗದೆ ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆ. ಆಮೇಲೆ ಅಳಿಸಿದೆ.

ತೆರೆಯಿತು. ಬರೀ ಬೂದು ಕಿಟಕಿ, ನಡುವೆ ಒಂದು ದೂರು: ದೋಷವಾಗಿದೆ, ಲಾಗ್ ನೋಡಿ. ಲಾಗ್ ನೋಡಿದರೆ ಉದ್ದಕ್ಕೆ ಮಾರುಗಟ್ಟಲೆ ಶಾಪ. ಮುಚ್ಚಿ ತೆರೆದೆ. ಕ್ಲೀನ್ ಎಂದು ಹೇಳಿ ತೆರೆದೆ. ಜಗ್ಗಲಿಲ್ಲ. ಊಟ ಬಿಟ್ಟೆ. ತಲೆ ಚಿಟ್ಟು ಹಿಡಿಯಿತು.

ಕೊನೆಗೆ ಮೇಷ್ಟ್ರದೇ ಮದ್ದು. ಸೇರಿದ ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದರು — “ಯಾವುದಕ್ಕೂ ಬಗ್ಗದಿದ್ರೆ ಮೆಟಾಡೇಟಾ ಫೋಲ್ಡರ್ ಕಿತ್ತು ಬಿಸಾಕು. ನಿನ್ನ ಕೋಡ್ ಅದರಲ್ಲಿ ಇರಲ್ಲ, ಎಡಿಟರಿನ ಸ್ವಂತ ಲೆಕ್ಕಪತ್ರ ಅಷ್ಟೆ. ಎಡಿಟರ್ ಅದನ್ನ ಹೊಸದಾಗಿ ಮಾಡ್ಕೊಳುತ್ತೆ.” ಆಮೇಲೆ ಎಷ್ಟು ಸಲ ಮಾಡಿದ್ದೇನೋ. ಇವತ್ತೂ ಮಾಡಿದೆ. ಶಿಫ್ಟ್ ಒತ್ತಿ ಡಿಲೀಟ್. ಕಸದ ಬುಟ್ಟಿಗೂ ಹೋಗದ ಹಾಗೆ.

ತಕ್ಷಣ ತೆರೆಯಿತು! ಹೊಚ್ಚ ಹೊಸದರ ಹಾಗೆ. ಕೂತಲ್ಲೇ ಚಪ್ಪಾಳೆ ಹೊಡೆದೆ, ಆಚೆ ಸಾಲಿನವರು ತಿರುಗಿ ನೋಡಿದರು.

ಮಾರ್ಚ್ ೭

ಪ್ರಾಜೆಕ್ಟ್‌ಗಳನ್ನು ಒಂದೊಂದಾಗಿ ಒಳಗೆ ತಂದೆ. ತಂದದ್ದಕ್ಕೆಲ್ಲ ಕೆಂಪು. ಒಂದಕ್ಕೆ ಯಾವುದೋ ಕಾಲದ ಜಾವಾ ಬೇಕು. ಇನ್ನೊಂದು, ಎಂದೋ ಮೂಲೆ ಸೇರಿದ ಡಿಸ್ಕಿನಲ್ಲಿ ತನಗೆ ಬೇಕಾದ ಲೈಬ್ರರಿಯ ಜಾರ್ ಫೈಲ್ ಹುಡುಕುತ್ತದೆ. ದಾರಿಗಳನ್ನೆಲ್ಲ ತಿದ್ದಿದೆ. ಸಂಜೆಗೆ ಕೊನೆಯ ಕೆಂಪೂ ಹೋಯಿತು. ರನ್ ಮಾಡಿದೆ. ಎರಡು ಕಿಟಕಿ ತೆರೆದು ಬಟನ್ ಒಟ್ಟಿಗೆ ಒತ್ತಿದೆ, ಮತ್ತೆ ಮತ್ತೆ.

ಅದಲುಬದಲು. ಹಳೆಯ ಬಗ್ ಹಾಗೇ ಇದೆ.

ಫೈಲ್ ತೆರೆದು ನೋಡಿದೆ. ಸರ್ವರಿನಲ್ಲಿರುವ ಹಳೇ ಪ್ರತಿಯೇ, ಅಕ್ಷರವೂ ಬೇರೆಯಿಲ್ಲ. ಜನವರಿಯಲ್ಲಿ ನಾನು ಕಣ್ಣಾರೆ ಕಂಡ ಸಾಲುಗಳು ಇಲ್ಲ. ತಾರೀಕು ನೋಡಿದರೆ, ಫೈಲು ಕೊನೆಯ ಸಲ ಬದಲಾದದ್ದು ಅವರು ಬಿದ್ದ ಬೆಳಿಗ್ಗೆ.

ಮನೆಯಲ್ಲಿ ಇವರ ಹತ್ತಿರ ಹೇಳಿಕೊಂಡೆ. “ನಿಜವಾಗ್ಲೂ ಬರೆದಿದ್ರಾ, ಇಲ್ಲ ನಿನಗೆ ಹಾಗೆ ಅನಿಸ್ತಾ?” ಎಂದರು. ಗಂಡ ಅಂತಲೂ ನೋಡದೆ ರೇಗಿದೆ. ತಟ್ಟೆ ಎತ್ತಿಕೊಂಡು ಟಿವಿ ಮುಂದೆ ಹೋದರು.

ಮಾರ್ಚ್ ೯, ಭಾನುವಾರ

ಆಸ್ಪತ್ರೆ. ಹಸಿರು ಪರದೆಯ ಆಚೆ ಮೇಷ್ಟ್ರು. ಎಷ್ಟು ಸಣ್ಣಗಾಗಿದ್ದಾರೆ... ಅವರ ಹೆಂಡತಿ — ನಾನು ಅಕ್ಕ ಅನ್ನುವುದು — ಸ್ಟೂಲಿನ ಮೇಲೆ ಕೂತು ಟವೆಲ್ ಮಡಿಸುತ್ತಿದ್ದರು. ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದರು.

“ಆಫೀಸಲ್ಲಿ ಏನಂತಾರಮ್ಮ?”

“ಏನೂ ಇಲ್ಲ ಅಕ್ಕ. ಎಲ್ಲ ಸರಿ ಇದೆ.”

“ಇಲ್ಲಿ ನೋಡು, ಈ ಎಡಗೈ. ಎಚ್ಚರ ಇದ್ದಷ್ಟು ಹೊತ್ತೂ ಹೀಗೇ ಮಾಡ್ತಾರೆ. ಡಾಕ್ಟರ್ ಅದು ಸುಮ್ನೆ ನಡುಕ ಅಂತಾರೆ. ನನಗ್ಯಾಕೋ ಏನೋ ಕೇಳ್ತಾ ಇದ್ದಾರೆ ಅನ್ಸುತ್ತೆ.”

ನೋಡಿದೆ. ಹೊದಿಕೆಯ ಮೇಲೆ ಕಿರುಬೆರಳು ಒತ್ತಿ ಹಿಡಿದು, ಉಂಗುರದ ಬೆರಳಿನಿಂದ ಒಂದು ತಟ್ಟು. ಬಿಡುವುದು. ಮತ್ತೆ.

ಕಂಟ್ರೋಲ್ ಎಸ್.

ಹದಿನೈದು ವರ್ಷ ಪಕ್ಕದಲ್ಲಿ ಕೂತು ಕೇಳಿದ ಸದ್ದು ಅದು. ಒಂದು ಸಾಲು ಬರೆದರೆ ಒಂದು ಸೇವ್, ಯೋಚಿಸುತ್ತಾ ಕೂತರೂ ಒಂದು ಸೇವ್. ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ನಗು ಬಂತು, ಅಕ್ಕನಿಗೆ ಹೇಳೋಣ ಎಂದು ಬಾಯಿ ತೆರೆದೆ —

ಆಗ ಹೊಳೆಯಿತು.

ಸೇವ್ ಮಾಡಿದಾಗೆಲ್ಲ ಎಡಿಟರ್ ಹಿಂದಿನದರ ಒಂದು ನಕಲನ್ನು ಗುಟ್ಟಾಗಿ ತೆಗೆದಿಡುತ್ತದೆ. ಲೋಕಲ್ ಹಿಸ್ಟರಿ. ಅಂದು ಬೆಳಿಗ್ಗೆ ಮೇಷ್ಟ್ರ ಕೈ ಆಗಲೇ ಮಾತು ಕೇಳುತ್ತಿರಲಿಲ್ಲವೇನೋ. ಮೆನುವಿನಲ್ಲಿ ಹಳೇ ನಕಲು ನೋಡಲು ಹೋಗಿ ಅದರ ಪಕ್ಕದಲ್ಲೇ ಇರುವ, ಸರ್ವರಿನ ಪ್ರತಿ ಹಾಕು ಎನ್ನುವ ಸಾಲು ಒತ್ತಿರಬೇಕು, ಸರ್ವರಿನ ಪ್ರತಿ ಬಂದು ಎಲ್ಲದರ ಮೇಲೆ ಕೂತಿದೆ. ಹೋಗಲಿ, ಏನೂ ಮುಳುಗಿರಲಿಲ್ಲ. ನಾಲ್ಕು ತಿಂಗಳ ಒಂದೊಂದು ಸಾಲೂ ಹಿಸ್ಟರಿಯಲ್ಲಿತ್ತು. ಹಿಸ್ಟರಿ ಇರುವುದು ಮೆಟಾಡೇಟಾ ಫೋಲ್ಡರಿನಲ್ಲಿ.

ಗುರುವಾರ ಮಧ್ಯಾಹ್ನದವರೆಗೆ ಇತ್ತು.

ಮಾರ್ಚ್ ೧೦

ಹಾರ್ಡ್‌ವೇರ್ ನೋಡಿಕೊಳ್ಳುವವನನ್ನು ಕರೆಸಿದೆ. ಏನೇನೋ ಹಾಕಿ ಹುಡುಕಿದ. “ಹಳೇ ಥರದ ಡಿಸ್ಕ್ ಆಗಿದ್ರೆ ಏನಾದ್ರೂ ಮಾಡ್ಬೋದಿತ್ತು ಮೇಡಂ. ಇದು ಅಳಿಸು ಅಂದ್ರೆ ಒರೆಸೇ ಬಿಡುತ್ತೆ. ಹೋಯ್ತು.”

ಹೋಯ್ತು.

ಮಾರ್ಚ್ ೧೭

ವಾರವಿಡೀ ಏನೂ ಬರೆಯಲಿಲ್ಲ. ಬರೆಯಲು ಮುಖವಿಲ್ಲ.

ಇವತ್ತು ಮ್ಯಾನೇಜರಿಗೆ ಹೇಳಿಬಿಟ್ಟೆ. ಅಳಿಸಿದ್ದು ನಾನು, ಬರೆದು ಕೊಡುತ್ತೇನೆ ಎಂದೆ. ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ನೀವು ಅಳಿಸಿದ್ರಿ ಅಂದ್ರೆ, ಅಲ್ಲಿ ಏನೋ ಇತ್ತು ಅಂತ ಆಗಲ್ಲ ಮೇಡಂ. ಏನೂ ಇರ್ಲಿಲ್ಲ, ಈ ಮೇಡಂ ಅವರನ್ನ ಕಾಪಾಡೋಕೆ ಹೀಗೆ ಹೇಳ್ತಿದ್ದಾರೆ ಅಂತಾರೆ ಮೇಲಿನವರು.”

ಸಂಜೆ ಅಕ್ಕನಿಗೂ ಹೇಳಿದೆ, ವಾರ್ಡಿನ ಹೊರಗಿನ ಬೆಂಚಿನಲ್ಲಿ. ಬೈಯಲಿ ಎಂದು ಕಾದೆ. ಅರ್ಥವಾಯಿತೋ ಇಲ್ಲವೋ. “ನೀನು ಬೇಕು ಅಂತ ಮಾಡಿದ್ದಲ್ವಲ್ಲ” ಎಂದರು. ಆಮೇಲೆ ಮೆಲ್ಲಗೆ, “ಹಾಸಿಗೆ ಯಾವಾಗ ಬಿಡಬೇಕಾಗುತ್ತೆ?” ಬೈದಿದ್ದರೆ ಚೆನ್ನಾಗಿತ್ತು. ಅಳು ತಡೆಯಲಾಗದೆ ನೀರು ತರುವ ನೆಪದಲ್ಲಿ ಎದ್ದು ಹೋದೆ.

ಮಾರ್ಚ್ ೧೯

ನೆನಪಿದ್ದಷ್ಟು ಬರೆದು ನೋಡೋಣ ಎಂದು ಲ್ಯಾಪ್‌ಟಾಪ್ ಹೊತ್ತು ವಾರ್ಡಿಗೇ ಹೋದೆ. ಅವರ ಪಕ್ಕ ಕೂತರೆ ನೆನಪಾಗಬಹುದು ಎಂಬ ಹುಚ್ಚು.

ನಂಬರ್ ಕೊಡುವ ಸಾಲಿಗೆ ಬೀಗ ಹಾಕಿದೆ, ಒಂದು ಸಲಕ್ಕೆ ಒಬ್ಬರೇ ಒಳಗೆ ಹೋಗುವಂತೆ. ಪರದೆ ಅವರ ಕಡೆ ತಿರುಗಿಸಿದೆ. “ಹೀಗಾ ಮೇಷ್ಟ್ರೇ?” ತಟ್ಟುತ್ತಿದ್ದ ಬೆರಳು ನಿಂತಿತು. ನೋಡುತ್ತಿದ್ದಾರೆ. ಬೆರಳು ಅಲುಗಲೇ ಇಲ್ಲ.

ಬೀಗವನ್ನು ಒಂದು ಸಾಲು ಮೇಲಕ್ಕೆ ಸರಿಸಿದೆ. ಹಳೇ ನಂಬರ್ ಓದುವುದೂ ಅದರೊಳಗೇ ಬರುವಂತೆ. ಹೌದಲ್ಲ, ಅಲ್ಲೇ ಇತ್ತು! ತಿರುಗಿಸಿದೆ.

ಕಿರುಬೆರಳು ಒತ್ತಿತು. ಉಂಗುರದ ಬೆರಳು ತಟ್ಟಿತು.

ನಂಬಲಿಲ್ಲ. ಬೇಕೆಂದೇ ತಪ್ಪು ಬರೆದೆ. ಬೆರಳು ಸುಮ್ಮನಾಯಿತು. ತಿದ್ದಿದೆ. ತಟ್ಟಿತು. ನಾನೂ ಸೇವ್ ಒತ್ತಿದೆ. ಅಕ್ಕ ಟವೆಲ್ ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಮಾರ್ಚ್ ೨೪

ದಿನವೂ ಸ್ವಲ್ಪ ಸ್ವಲ್ಪ. ಬೇಗ ದಣಿಯುತ್ತಾರೆ. ತಪ್ಪಿದ್ದರೆ ಹುಬ್ಬೂ ಗಂಟಾಗುತ್ತದೆ, ಹಿಂದೆ ನನ್ನ ಕೋಡ್ ನೋಡಿದಾಗ ಆಗುತ್ತಿದ್ದಂತೆಯೇ. ಒಂದು ಹೆಸರು ಕೆಟ್ಟದಾಗಿಟ್ಟೆ, ಕೆಲಸ ಸರಿ ಮಾಡುತ್ತದೆ, ಆದರೂ ಒಪ್ಪಲಿಲ್ಲ. ಬದಲಾಯಿಸುವವರೆಗೆ ಬಿಡಲಿಲ್ಲ ಪುಣ್ಯಾತ್ಮ.

ಮ್ಯಾನೇಜರಿಗೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. “ನೀವೇ ಬರೆದು ಕೊಟ್ರೆ ಅದು ನಿಮ್ಮ ಕೆಲಸ ಆಗುತ್ತೆ. ಅವರದೇ ಅಂತ ನಾನು ಕಣ್ಣಾರೆ ನೋಡಿದ್ರೆ ಸಹಿ ಹಾಕ್ತೀನಿ. ಶುಕ್ರವಾರ ಬರ್ತೀನಿ.” ಬಾಗಿಲವರೆಗೆ ಬಂದು, “ನನಗೂ ಅವರೇ ಅಲ್ವಾ ಕಲಿಸಿದ್ದು” ಎಂದರು.

ನಿನ್ನೆಯಿಂದ ಮೇಷ್ಟ್ರ ಉಸಿರು ಭಾರ. ನರ್ಸ್ ಹಗಲೆಲ್ಲ ಬಂದು ನೋಡಿ ಹೋಗುತ್ತಾಳೆ. ಶುಕ್ರವಾರದವರೆಗೆ, ದೇವರೇ.

ಮಾರ್ಚ್ ೨೬, ಮಧ್ಯಾಹ್ನ, ವಾರ್ಡ್

ಕೊನೆಯ ತುಂಡು. ರಕ್ತದ ಟ್ಯೂಬಿನ ಲೇಬಲ್ ಮುದ್ರಿಸುವ ಮೊದಲು ನಂಬರನ್ನು ಇನ್ನೊಮ್ಮೆ ಹೋಲಿಸುವುದು. ಇದಾದರೆ ಮುಗಿಯಿತು. ಅಕ್ಕ ಫ್ಲಾಸ್ಕ್ ಹಿಡಿದು ಬಿಸಿನೀರಿಗೆ ಹೋಗಿದ್ದಾರೆ. ಬೆಳಿಗ್ಗೆ ಎರಡು ಸಾಲು ಒಪ್ಪಿದರು. ಆಗಿನಿಂದ ಕಣ್ಣು ಅರ್ಧ ಮುಚ್ಚಿ ಮಲಗಿದ್ದರು, ಎಬ್ಬಿಸಲಿಲ್ಲ.

ಈಗ ಬರೆದು ತೋರಿಸಿದೆ. ಬೆರಳು ಅಲುಗಲಿಲ್ಲ. ಎಲ್ಲೋ ತಪ್ಪಿದೆ. ಅವರು ಯೋಚಿಸಲಿ, ಅಷ್ಟರಲ್ಲಿ ಇದನ್ನು ಬರೆಯೋಣ ಎಂದು ಈ ಟೆಕ್ಸ್ಟ್ ಫೈಲಿಗೆ ಬಂದೆ.

ಹೋಲಿಕೆಯನ್ನು ತಿರುವಿ ಬರೆದೆ. ಇಲ್ಲ.

ಹೆಸರು ಹಿಡಿಸಲಿಲ್ಲವೇನೋ. ಬದಲಾಯಿಸಿದೆ. ಇಲ್ಲ. ಹುಬ್ಬು ಗಂಟಾಗಿಲ್ಲ, ಅಂದರೆ ಕೋಪವಿಲ್ಲ. ಕಣ್ಣು ಪರದೆಯ ಕಡೆಗೇ ಇದೆ, ರೆಪ್ಪೆ ಮಿಟುಕದೆ. ಬೆಳಗಿನ ಭಾರದ ಉಸಿರೂ ಈಗ ಕೇಳಿಸುತ್ತಿಲ್ಲ, ಹಗುರಾಗಿರಬೇಕು.

“ಮೇಷ್ಟ್ರೇ, ಇನ್ನೊಂದೇ ಸಾಲು” ಎಂದೆ. ಕೈಯನ್ನು ನಾನೇ ಎತ್ತಿ ಕೀಬೋರ್ಡಿನ ಮೇಲಿಟ್ಟೆ. ತಣ್ಣಗಿದೆ. ವಾರ್ಡಿನ ಕಿಟಕಿ ತೆರೆದಿಟ್ಟಿದ್ದಕ್ಕೆ ಇರಬೇಕು. ಸ್ವೆಟರ್ ತರಬೇಕಿತ್ತು, ಕುರ್ಚಿಯ ಮೇಲೇ ಇತ್ತಲ್ಲ.

ತಪ್ಪು ನನ್ನದೇ. ಬೀಗ ಇಲ್ಲೂ ಬೇಕೇನೋ. ಒಂದು ಸಾಲು ಮೇಲೆ ಹಾಕಿ ತೋರಿಸುತ್ತೇನೆ, ಆಗ ಖಂಡಿತ